ಲೈಸೋಸೋಮ್ ತನ್ನನ್ನು ತಾನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ? ಒಂಬತ್ತನೇ ತರಗತಿಯಲ್ಲಿ ಎದ್ದ ಒಂದು ಪ್ರಶ್ನೆ

ಪ್ರೌಢಶಾಲಾ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಜೀವಕೋಶದ ಪಾಠ ಮುಗಿಯುವ ಹೊತ್ತಿಗೆ ಕೋಶಪೊರೆ, ಕೋಶಕೇಂದ್ರ, ಮೈಟೊಕಾಂಡ್ರಿಯ, ಗಾಲ್ಗಿ ಸಂಕೀರ್ಣ, ಲೈಸೋಸೋಮ್, ರಸದಾನಿ ಎಂದು ಹೆಸರುಗಳನ್ನೂ, ಪ್ರತಿಯೊಂದರ ಮುಂದೆ ಅದರ ಕೆಲಸವನ್ನು ಒಂದು ಸಾಲಿನಲ್ಲೂ ಹಲಗೆಯ ಮೇಲೆ ಬರೆದಿದ್ದೆ. ಮಕ್ಕಳು ಅದನ್ನು ನಕಲು ಮಾಡಿಕೊಳ್ಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಲೈಸೋಸೋಮಿನೊಳಗಿನ ಕಿಣ್ವಗಳು ಪ್ರೋಟೀನು, ಕೊಬ್ಬು ಎಲ್ಲವನ್ನೂ ಒಡೆಯುತ್ತವೆ ಅಂದಿರಿ. ಅದರ ಪೊರೆಯೂ ಕೊಬ್ಬು ಮತ್ತು ಪ್ರೋಟೀನಿನಿಂದಲೇ ಆಗಿದೆ ಅಂದಿರಿ. ಹಾಗಾದರೆ ಅದು ತನ್ನನ್ನು ತಾನೇ ಯಾಕೆ ತಿಂದುಹಾಕುವುದಿಲ್ಲ?" ಎಂದು ಕೇಳಿದಳು.

ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ. ಸೋಮವಾರ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಬರೀ "ಪೊರೆ ಗಟ್ಟಿಯಾಗಿದೆ" ಎಂದು ಹೇಳಿ ಕೂರಿಸಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಕೋಶಜೀವಶಾಸ್ತ್ರ ಸಂಶೋಧಕ:

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ಮೊದಲು ನನ್ನ ಅಭಿನಂದನೆ ತಿಳಿಸಿ. ಲೈಸೋಸೋಮ್ ಪತ್ತೆಯಾದದ್ದೇ ಇದನ್ನು ಹೋಲುವ ಒಂದು ಗೊಂದಲದಿಂದ.

ಬೆಲ್ಜಿಯಂನ ಲೂವೇನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡುವ್ ಅವರು ಇನ್ಸುಲಿನ್ ಯಕೃತ್ತಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದರು. ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆದಾಗ ಅದರ ಚಟುವಟಿಕೆ ನಿರೀಕ್ಷೆಗಿಂತ ಬಹಳ ಕಡಿಮೆ ಕಂಡಿತು. ಅದೇ ಮಾದರಿಯನ್ನು ಕೆಲವು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದಾಗ ಚಟುವಟಿಕೆ ಹಲವು ಪಟ್ಟು ಏರಿತ್ತು. ಹೊಸದಾಗಿ ಕಿಣ್ವ ಹುಟ್ಟಲು ಅಲ್ಲಿ ಜೀವಂತ ಕೋಶವೇ ಇರಲಿಲ್ಲವಾದ್ದರಿಂದ, ಕಿಣ್ವವು ಮೊದಲಿನಿಂದಲೂ ಯಾವುದೋ ಚೀಲದೊಳಗೆ ಮುಚ್ಚಿಕೊಂಡಿತ್ತು, ಚೀಲದ ಪೊರೆ ಹಳತಾಗಿ ಒಡೆದ ಮೇಲೆ ಹೊರಬಂತು ಎಂಬುದೊಂದೇ ಒಪ್ಪಬಹುದಾದ ವಿವರಣೆಯಾಗಿತ್ತು. 1955ರಲ್ಲಿ ಅವರು ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. ಸೂಕ್ಷ್ಮದರ್ಶಕದಲ್ಲಿ ಕಾಣುವ ಮೊದಲೇ ರಾಸಾಯನಿಕ ಲೆಕ್ಕಾಚಾರದಿಂದ ಪತ್ತೆಯಾದ ಕಣದಂಗವಿದು. ಈ ಬಗೆಯ ಸಂಶೋಧನೆಗಳಿಗಾಗಿ 1974ರಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಜಾರ್ಜ್ ಪಲಾಡೆ ಅವರೊಂದಿಗೆ ಡಿ ಡುವ್ ಅವರಿಗೂ ನೊಬೆಲ್ ಬಂತು.

ಈಗ ಪ್ರಶ್ನೆಗೆ ಬರುತ್ತೇನೆ. ಪೊರೆ ಉಳಿಯುವುದಕ್ಕೆ ಮುಖ್ಯ ಕಾರಣ ಅದರ ಒಳಮೈಯಲ್ಲಿದೆ. ಲೈಸೋಸೋಮ್ ಪೊರೆಯ ಪ್ರೋಟೀನುಗಳ ಒಳಬದಿಗೆ ಸಕ್ಕರೆಯ ಸರಪಳಿಗಳು ದಟ್ಟವಾಗಿ ಅಂಟಿಕೊಂಡಿರುತ್ತವೆ. ಈ ಸಕ್ಕರೆಯ ಹೊದಿಕೆಯನ್ನು ದಾಟಿ ಪ್ರೋಟೀನನ್ನು ಕತ್ತರಿಸುವುದು ಕಿಣ್ವಗಳಿಗೆ ಬಹಳ ಕಷ್ಟ. ನಮ್ಮ ಜಠರದ ಒಳಗೋಡೆಯನ್ನು ಲೋಳೆಯ ಪದರ ಕಾಯುವುದನ್ನು ಮಕ್ಕಳು ಈಗಾಗಲೇ ಓದಿರುತ್ತಾರೆ; ಅದನ್ನು ನೆನಪಿಸಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೂ ಪೊರೆ ಸ್ವಲ್ಪಸ್ವಲ್ಪ ಸವೆಯುತ್ತಲೇ ಇರುತ್ತದೆ, ಕೋಶವು ಅದನ್ನು ಹೊಸದಾಗಿ ಕಟ್ಟಿಕೊಡುತ್ತಲೇ ಇರುತ್ತದೆ.

ಇನ್ನು ಕಿಣ್ವಗಳ ವಿಷಯ. ಲೈಸೋಸೋಮಿನೊಳಗೆ ಐವತ್ತಕ್ಕೂ ಹೆಚ್ಚು ಬಗೆಯ ಕಿಣ್ವಗಳಿವೆ, ಅವೆಲ್ಲವೂ ಆಮ್ಲೀಯ ವಾತಾವರಣದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಅಲ್ಲಿನ ಪಿಎಚ್ 4.5ರಿಂದ 5ರಷ್ಟು, ಹೊರಗಿನ ಕೋಶದ್ರವ್ಯದ್ದು ಸುಮಾರು 7.2. ಅಂದರೆ ಒಳಗೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹೊರಗಿಗಿಂತ ನೂರಾರು ಪಟ್ಟು ಹೆಚ್ಚು. ಒಂದು ಲೈಸೋಸೋಮ್ ಅಕಸ್ಮಾತ್ ಸೋರಿದರೂ ಕಿಣ್ವಗಳು ಹೊರಗಿನ ತಟಸ್ಥ ದ್ರವದಲ್ಲಿ ಬಹುಮಟ್ಟಿಗೆ ಮಂಕಾಗುತ್ತವೆ. ಈ ಆಮ್ಲೀಯತೆ ತಾನಾಗಿ ಬಂದದ್ದಲ್ಲ. ಲೈಸೋಸೋಮಿನ ಪೊರೆಯ ಮೇಲೆ ಕುಳಿತ ಪ್ರೋಟಾನ್ ಪಂಪುಗಳು ಎಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡಿ ಹೈಡ್ರೋಜನ್ ಅಯಾನುಗಳನ್ನು ಒಳಕ್ಕೆ ತಳ್ಳುತ್ತಲೇ ಇರಬೇಕು, ಆ ಎಟಿಪಿಯ ಬಹುಪಾಲು ಮೈಟೊಕಾಂಡ್ರಿಯದಿಂದ ಬರಬೇಕು.

ಕಿಣ್ವಗಳು ಹುಟ್ಟುವಾಗಲೂ ಇದೇ ಎಚ್ಚರವಿದೆ. ಕೋಶಕೇಂದ್ರದಲ್ಲಿರುವ ವಂಶವಾಹಿಯ ನಕಲು ಹೊರಬಂದು, ಒರಟು ಎಂಡೋಪ್ಲಾಸ್ಮಿಕ್ ಜಾಲದ ಮೇಲಿನ ರೈಬೋಸೋಮಿನಲ್ಲಿ ಅದು ಪ್ರೋಟೀನಾಗಿ, ಜಾಲದೊಳಗೆ ಮಡಿಕೆ ಪಡೆದು, ಗಾಲ್ಗಿ ಸಂಕೀರ್ಣಕ್ಕೆ ಸಾಗುತ್ತದೆ. ಗಾಲ್ಗಿಯಲ್ಲಿ ಪ್ರತಿಯೊಂದು ಕಿಣ್ವಕ್ಕೂ ಮ್ಯಾನೋಸ್-6-ಫಾಸ್ಫೇಟ್ ಎಂಬ ಗುರುತು ಅಂಟುತ್ತದೆ, ಆ ಗುರುತನ್ನು ಹಿಡಿದು ಅದು ಲೈಸೋಸೋಮನ್ನು ಸೇರುತ್ತದೆ. ದಾರಿಯುದ್ದಕ್ಕೂ ಇವುಗಳಲ್ಲಿ ಹಲವು ನಿಷ್ಕ್ರಿಯ ರೂಪದಲ್ಲೇ ಇದ್ದು, ಆಮ್ಲ ತಾಕಿದ ಮೇಲಷ್ಟೇ ಒಂದು ತುಣುಕನ್ನು ಕಳಚಿಕೊಂಡು ಸಕ್ರಿಯವಾಗುತ್ತವೆ.

ನೋಡಿ, ನೀವು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದ ಹೆಸರುಗಳಲ್ಲಿ ಹೆಚ್ಚಿನವು ಈ ಒಂದು ಉತ್ತರದೊಳಗೇ ಬಂದುಹೋದವು. ಸಾಧ್ಯವಾದರೆ ಕಣದಂಗಗಳನ್ನು ಹೀಗೆ ಒಂದು ಪ್ರೋಟೀನಿನ ಪ್ರಯಾಣದ ಜಾಡಿನಲ್ಲಿ ಕಲಿಸಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಒಂಬತ್ತನೇ ತರಗತಿಯ ಪೋಷಕ:

ವಿವರಣೆ ಸೊಗಸಾಗಿದೆ ಸರ್, ಆದರೆ ಒಬ್ಬ ತಂದೆಯಾಗಿ ನನ್ನ ಆತಂಕವನ್ನೂ ಹೇಳಿಕೊಳ್ಳಬೇಕು. ಪರೀಕ್ಷೆಯಲ್ಲಿ "ಲೈಸೋಸೋಮುಗಳನ್ನು ಆತ್ಮಹತ್ಯಾ ಸಂಚಿಗಳು ಎನ್ನಲು ಕಾರಣವೇನು?" ಎಂದು ಕೇಳುತ್ತಾರೆ. ಹಾನಿಗೊಂಡ ಕೋಶದಲ್ಲಿ ಅವು ಒಡೆದು ಕಿಣ್ವಗಳು ಆ ಕೋಶವನ್ನೇ ಜೀರ್ಣಿಸುತ್ತವೆ ಎಂದು ಬರೆದರೆ ಅಂಕ ಸಿಗುತ್ತದೆ. ಕಿಣ್ವಗಳು ಹೊರಬಂದರೂ ಮಂಕಾಗುತ್ತವೆ ಎಂದು ನೀವು ಹೇಳುತ್ತೀರಿ. ನನ್ನ ಮಗ ಇದನ್ನು ಓದಿ, "ಅಪ್ಪ, ಪುಸ್ತಕ ತಪ್ಪಾ?" ಎಂದು ಕೇಳುತ್ತಿದ್ದಾನೆ. ಯಾವುದನ್ನು ನಂಬಲಿ ಎಂದರೆ ಏನು ಹೇಳಬೇಕು?

ಕೋಶಜೀವಶಾಸ್ತ್ರ ಸಂಶೋಧಕ:

ನಿಮ್ಮ ಆತಂಕ ನ್ಯಾಯವಾದದ್ದು. ಪುಸ್ತಕ ತಪ್ಪೆಂದು ಹೇಳಬೇಡಿ, ಅದು ಅರ್ಧ ಹೇಳಿದೆ ಎಂದು ಹೇಳಿ. ಒಂದೆರಡು ಲೈಸೋಸೋಮ್ ಸೋರಿದರೆ ಕೋಶ ತಡೆದುಕೊಳ್ಳುತ್ತದೆ, ಅವನ್ನು ದುರಸ್ತಿ ಮಾಡುವ ವ್ಯವಸ್ಥೆಯೂ ಅದರಲ್ಲಿದೆ. ಒಟ್ಟಿಗೆ ಬಹಳಷ್ಟು ಒಡೆದರೆ ಮಾತ್ರ ಕೋಶ ಸಾಯುತ್ತದೆ. ಮಂಕಾಗುವುದೆಂದರೆ ಪೂರ್ತಿ ನಿಂತುಹೋಗುವುದಲ್ಲ. ಕೆಲವು ಕಿಣ್ವಗಳು ತಟಸ್ಥ ದ್ರವದಲ್ಲೂ ಸ್ವಲ್ಪ ಹೊತ್ತು ಕತ್ತರಿಸುವ ಕೆಲಸ ಮುಂದುವರಿಸುತ್ತವೆ.

"ಆತ್ಮಹತ್ಯಾ ಸಂಚಿ" ಎಂಬ ಮಾತು ಡಿ ಡುವ್ ಅವರಿಂದಲೇ ಬಂದದ್ದು. ಅದು ಪಠ್ಯಗಳಲ್ಲಿ ಬೇರೂರಿತು, ಆದರೆ ವಿಜ್ಞಾನ ಅಲ್ಲಿಂದ ಮುಂದೆ ಹೋಗಿದೆ. ಕೋಶವೊಂದು ಕ್ರಮಬದ್ಧವಾಗಿ ತನ್ನನ್ನು ತಾನು ಕೊನೆಗಾಣಿಸಿಕೊಳ್ಳುವ ಅಪಾಪ್ಟೋಸಿಸ್ ಎಂಬ ಪ್ರಕ್ರಿಯೆಯಲ್ಲಿ ಬಹಳ ಸಲ ನಿರ್ಣಾಯಕ ಸಂಕೇತ ಹೊರಡುವುದು ಮೈಟೊಕಾಂಡ್ರಿಯದಿಂದ. ಉಸಿರಾಟದ ಸರಪಳಿಯಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುತ್ತಿದ್ದ ಸೈಟೋಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನು ಮೈಟೊಕಾಂಡ್ರಿಯದಿಂದ ಕೋಶದ್ರವ್ಯಕ್ಕೆ ಹೊರಬಿದ್ದೊಡನೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದ ಕಳಚತೊಡಗುತ್ತವೆ. ಬದುಕಿಗೆ ಶಕ್ತಿ ಕೊಡುವ ಅಂಗವೇ ಸಾವಿನ ಸಂಕೇತವನ್ನೂ ಇಟ್ಟುಕೊಂಡಿದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ಆದ್ದರಿಂದ "ಮೈಟೊಕಾಂಡ್ರಿಯ ಶಕ್ತಿಕೇಂದ್ರ, ಲೈಸೋಸೋಮ್ ಆತ್ಮಹತ್ಯಾ ಸಂಚಿ" ಎಂಬ ಹಂಚಿಕೆ ಅಷ್ಟು ಸರಳವಲ್ಲ.

ಲೈಸೋಸೋಮಿನ ದಿನನಿತ್ಯದ ಕೆಲಸ ಮರುಬಳಕೆ. ಹಳೆಯ ಮೈಟೊಕಾಂಡ್ರಿಯ, ಕೆಟ್ಟ ಪ್ರೋಟೀನು, ಹೊರಗಿನಿಂದ ನುಂಗಿದ ಕಣ ಇವೆಲ್ಲವನ್ನೂ ಅದು ಅಮೈನೋ ಆಮ್ಲ, ಸಕ್ಕರೆ, ಕೊಬ್ಬಿನಾಮ್ಲಗಳ ಮಟ್ಟಕ್ಕೆ ಒಡೆದು ಕೋಶದ್ರವ್ಯಕ್ಕೆ ಹಿಂದಿರುಗಿಸುತ್ತದೆ. ಜಪಾನಿನ ಯೋಶಿನೋರಿ ಓಸುಮಿ ಅವರು ಪ್ರೋಟೀನು ಒಡೆಯುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಉಪವಾಸಕ್ಕೆ ಒಡ್ಡಿದಾಗ, ಕೆಲವೇ ಗಂಟೆಗಳಲ್ಲಿ, ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸ ಮಾಡುವ ರಸದಾನಿಯೊಳಗೆ ಪುಟ್ಟ ಚೀಲಗಳು ತುಂಬಿಕೊಂಡದ್ದು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲೇ ಕಂಡಿತು. ಹಸಿದ ಕೋಶ ತನ್ನದೇ ದ್ರವ್ಯವನ್ನು ಪೊಟ್ಟಣ ಕಟ್ಟಿ ಅಲ್ಲಿಗೆ ಕಳಿಸಿತ್ತು, ಕಿಣ್ವವಿಲ್ಲದ್ದರಿಂದ ಅದು ಕರಗದೆ ಉಳಿದಿತ್ತು. ಈ ಸ್ವಭಕ್ಷಣೆಯ ಅಧ್ಯಯನಕ್ಕೆ ಅವರಿಗೆ 2016ರಲ್ಲಿ ನೊಬೆಲ್ ದೊರೆಯಿತು. ನಿಮ್ಮ ಮಗ ಅಂಕಕ್ಕಾಗಿ ಪುಸ್ತಕದ ಉತ್ತರವನ್ನೇ ಬರೆಯಲಿ, ಅದರ ಕೆಳಗೆ "ಮುಖ್ಯವಾಗಿ ಇದು ಮರುಬಳಕೆಯ ಅಂಗ" ಎಂದು ಇನ್ನೊಂದು ಸಾಲು ಸೇರಿಸಲಿ. ಯಾವ ಮೌಲ್ಯಮಾಪಕರೂ ಅದಕ್ಕೆ ಅಂಕ ಕಳೆಯಲಾರರು.

ಕೆಜಿಎಫ್ ಮೊಮ್ಮಗ:

ಲೈಸೋಸೋಮ್ ಒಡೆಯುವ ಮಾತು ಬಂದದ್ದರಿಂದ ಬರೆಯಲೇಬೇಕೆನಿಸಿತು. ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದಲ್ಲಿದ್ದರು. ಅಲ್ಲಿ ಚಿನ್ನ ಸಿಗುತ್ತಿದ್ದುದು ಬೆಣಚುಕಲ್ಲಿನ ಪಟ್ಟಿಗಳಲ್ಲಿ, ಬೆಣಚುಕಲ್ಲು ಎಂದರೆ ಸಿಲಿಕಾ. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಅವರು ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಸಿಲಿಕೋಸಿಸ್ ಎಂಬ ಹೆಸರು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತಿತ್ತು. ಗಣಿ 2001ರಲ್ಲಿ ಮುಚ್ಚಿತು, ತಾತನ ಎದೆಯೊಳಗಿನ ದೂಳು ಮಾತ್ರ ಅವರ ಕೊನೆಯವರೆಗೂ ಅಲ್ಲೇ ಇತ್ತು.

ಪದವಿ ತರಗತಿಯಲ್ಲಿ ಓದುವಾಗ ನನಗೆ ಗೊತ್ತಾದದ್ದು ಇದು. ಶ್ವಾಸಕೋಶದ ಗಾಳಿಚೀಲಕ್ಕೆ ತಲುಪಿದ ಸೂಕ್ಷ್ಮ ಸಿಲಿಕಾ ಕಣವನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ನುಂಗುತ್ತದೆ, ಯಾವ ಬ್ಯಾಕ್ಟೀರಿಯವನ್ನಾದರೂ ನುಂಗುವಂತೆ. ನುಂಗಿದ ಚೀಲ ಲೈಸೋಸೋಮಿನೊಡನೆ ಕೂಡಿಕೊಳ್ಳುತ್ತದೆ. ಕಲ್ಲನ್ನು ಜೀರ್ಣಿಸುವ ಕಿಣ್ವ ಯಾವ ಲೈಸೋಸೋಮಿನಲ್ಲೂ ಇಲ್ಲ. ಹರಳಿನ ಮೈ ಒಳಪೊರೆಯನ್ನು ಹಾಳುಮಾಡುತ್ತದೆ, ಒಳಗಿದ್ದದ್ದು ಹೊರಗೆ ಸುರಿಯುತ್ತದೆ, ಕೋಶ ಸಾಯುತ್ತದೆ, ಕಲ್ಲಿನ ಕಣ ಹಾಗೆಯೇ ಹೊರಬೀಳುತ್ತದೆ. ಅದನ್ನು ನುಂಗಲು ಇನ್ನೊಂದು ಭಕ್ಷಕ ಕೋಶ ಬರುತ್ತದೆ. ಈ ಸರದಿ ವರ್ಷಗಟ್ಟಲೆ ನಡೆದು ಉರಿಯೂತವಾಗಿ, ಮೃದುವಾದ ಶ್ವಾಸಕೋಶದಲ್ಲಿ ನಾರಿನ ಗಂಟುಗಳು ಬೆಳೆಯುತ್ತವೆ. ಗಣಿ ಬಿಟ್ಟ ಮೇಲೂ ಕಾಯಿಲೆ ಏಕೆ ಮುಂದುವರಿಯಿತು ಎಂಬ ನಮ್ಮಜ್ಜಿಯ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಆ ದಿನ.

ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕ:

ತಮ್ಮ ತಾತನವರ ವಿಷಯ ಓದಿ ಮನಸ್ಸು ಭಾರವಾಯಿತು. ಅದನ್ನು ಇಲ್ಲಿ ಬರೆದದ್ದಕ್ಕೆ ಕೃತಜ್ಞತೆಗಳು.

ಶಿಕ್ಷಕಿಯವರಿಗೆ ನಾನು ಸಸ್ಯದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಇದನ್ನು ತರಗತಿಯಲ್ಲಿ ಕಣ್ಣಾರೆ ತೋರಿಸಬಹುದು. ಸಸ್ಯಕೋಶದಲ್ಲಿ ಲೈಸೋಸೋಮಿನ ಕೆಲಸವನ್ನು ಬಹುಮಟ್ಟಿಗೆ ನಿರ್ವಹಿಸುವುದು ನಡುವಿನ ದೊಡ್ಡ ರಸದಾನಿ. ಪಠ್ಯದಲ್ಲಿ ಅದನ್ನು "ಸಂಗ್ರಹ ಚೀಲ" ಎಂದಷ್ಟೇ ಹೇಳಿ ಮುಗಿಸುವುದು ನನಗೆ ಯಾವಾಗಲೂ ಬೇಸರ ತರಿಸುತ್ತಿತ್ತು. ಬಲಿತ ಸಸ್ಯಕೋಶದ ಗಾತ್ರದಲ್ಲಿ ಬಹುಪಾಲನ್ನು ಅದೇ ತುಂಬಿರುತ್ತದೆ. ಅದರಲ್ಲಿ ನೀರಿದೆ, ಆಮ್ಲವಿದೆ, ಜೀರ್ಣಕಾರಿ ಕಿಣ್ವಗಳಿವೆ, ಬಣ್ಣಗಳೂ ಇವೆ. ಬಾಡಿದ ಕೊತ್ತಂಬರಿ ಸೊಪ್ಪಿಗೆ ನೀರು ಚಿಮುಕಿಸಿದರೆ ಅದು ಎದ್ದು ನಿಲ್ಲುವುದು ರಸದಾನಿ ತುಂಬಿ ಕೋಶಭಿತ್ತಿಯನ್ನು ಒಳಗಿನಿಂದ ಒತ್ತುವುದರಿಂದ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನಿಲ್ಲುವ ಹುಳಿನೀರು ಬಹುಪಾಲು ಅದೇ ರಸದಾನಿಗಳಿಂದ ಅಭಿಸರಣದ ಮೂಲಕ ಹೊರಬಂದದ್ದು.

ನಿಂಬೆಹಣ್ಣನ್ನು ನೋಡಿ. ಅದರ ರಸದ ಪಿಎಚ್ ಸುಮಾರು 2ರಿಂದ 2.5. ಅಷ್ಟು ಹುಳಿಯಾದ ದ್ರವದಲ್ಲಿ ಯಾವ ಕೋಶದ ಕೋಶದ್ರವ್ಯವೂ ಬದುಕಲಾರದು. ಆ ಹುಳಿಯೆಲ್ಲ ರಸದಾನಿಯೊಳಗಿದೆ, ಅದರ ಸುತ್ತ ತೆಳುವಾಗಿ ಹರಡಿದ ಕೋಶದ್ರವ್ಯ ತಟಸ್ಥವಾಗಿಯೇ ಇದೆ, ನಡುವೆ ಇರುವುದು ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಮತ್ತು ಅದರ ಮೇಲಿನ ಪಂಪುಗಳು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ನಿಂಬೆಹಣ್ಣಿಗೂ ಕೇಳಬಹುದು.

ಅಡುಗೆಮನೆಯಿಂದ ಇನ್ನೊಂದು ಸಂಗತಿ. ಪುನರ್ಪುಳಿಯ ಬಣ್ಣ ನೀರಿಗೆ ಬಿಡುತ್ತದೆ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಒಗ್ಗರಣೆಯ ಎಣ್ಣೆಗೆ ಬಿಡುತ್ತದೆ. ಎರಡೂ ಕೆಂಪೇ, ಆದರೆ ಮೊದಲನೆಯದು ರಸದಾನಿಯ ನೀರಿನಲ್ಲಿ ಕರಗಿರುವ ಆಂಥೋಸಯನಿನ್. ಎರಡನೆಯದು ಕ್ರೋಮೋಪ್ಲಾಸ್ಟ್ ಎಂಬ ಕಣದಂಗದಲ್ಲಿ, ಎಣ್ಣೆಯಲ್ಲಿ ಕರಗುವ ಕೆರೋಟಿನಾಯ್ಡ್ ರೂಪದಲ್ಲಿದೆ. ಹಸಿರು ಮೆಣಸಿನಕಾಯಿ ಕೆಂಪಾಗುವಾಗ ಅದರ ಕ್ಲೋರೋಪ್ಲಾಸ್ಟುಗಳೇ ಪತ್ರಹರಿತ್ತನ್ನು ಕಳೆದುಕೊಂಡು ಕ್ರೋಮೋಪ್ಲಾಸ್ಟುಗಳಾಗಿ ಮಾರ್ಪಡುತ್ತವೆ.

ಸೋಮವಾರಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಬೀಟ್‌ರೂಟನ್ನು ಒಂದೇ ಅಳತೆಯ ಹೋಳುಗಳಾಗಿ ಹೆಚ್ಚಿ, ಕತ್ತರಿಸುವಾಗ ಒಡೆದ ಕೋಶಗಳ ಬಣ್ಣ ಹೋಗುವ ತನಕ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒಂದು ಲೋಟದಲ್ಲಿ ತಣ್ಣೀರು, ಒಂದರಲ್ಲಿ ಕುದಿಸಿ ಇಳಿಸಿದ ನೀರು, ಇನ್ನೊಂದರಲ್ಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ಒಂದೊಂದು ಹೋಳು ಬಿಡಿ. ಕಾಲು ಗಂಟೆಯಲ್ಲಿ ಮೂರರ ವ್ಯತ್ಯಾಸ ಹಿಂದಿನ ಬೆಂಚಿಗೂ ಕಾಣುತ್ತದೆ. ಸ್ಪಿರಿಟ್ಟನ್ನು ಬೆಂಕಿಯಿಂದ ದೂರವಿಡಿ.

ಮಕ್ಕಳ ವೈದ್ಯೆ:

ಸಂಶೋಧಕರ ಬರಹದಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. "ಪ್ರತಿಯೊಂದು ಕಿಣ್ವಕ್ಕೂ" ಮ್ಯಾನೋಸ್-6-ಫಾಸ್ಫೇಟ್ ಗುರುತು ಅಂಟುತ್ತದೆ ಎಂದು ಬರೆದಿದ್ದೀರಿ. ಹೆಚ್ಚಿನವುಗಳಿಗೆ ಅದು ನಿಜ, ಎಲ್ಲಕ್ಕೂ ಅಲ್ಲ. ಗೋಶೆ ಎಂಬ ಆನುವಂಶಿಕ ಲೈಸೋಸೋಮ್ ಕಾಯಿಲೆಯಲ್ಲಿ ಕೊರತೆಯಾಗುವ ಗ್ಲೂಕೋಸೆರೆಬ್ರೊಸಿಡೇಸ್ ಎಂಬ ಕಿಣ್ವ ಈ ಗುರುತಿಲ್ಲದೆ, ಲಿಂಪ್-2 ಎಂಬ ಬೇರೊಂದು ಪ್ರೋಟೀನಿನ ಜೊತೆ ಸೇರಿ ಲೈಸೋಸೋಮ್ ತಲುಪುತ್ತದೆ.

ಈ ಗುರುತು ಎಷ್ಟು ಮುಖ್ಯ ಎಂಬುದು ಐ-ಸೆಲ್ ಎಂಬ ಅತಿ ವಿರಳ ಕಾಯಿಲೆಯಲ್ಲಿ ತಿಳಿಯುತ್ತದೆ. ಆ ಮಕ್ಕಳಲ್ಲಿ ಲೈಸೋಸೋಮಿನ ಕಿಣ್ವಗಳು ಸರಿಯಾಗಿಯೇ ತಯಾರಾಗುತ್ತವೆ, ಆದರೆ ಗಾಲ್ಗಿಯಲ್ಲಿ ಗುರುತು ಹಚ್ಚುವ ಕಿಣ್ವವೊಂದೇ ಇರುವುದಿಲ್ಲ. ಗುರುತಿಲ್ಲದ ಕಿಣ್ವಗಳು ಲೈಸೋಸೋಮಿಗೆ ಹೋಗದೆ ಕೋಶದ ಹೊರಗೆ, ರಕ್ತಕ್ಕೆ ಹೋಗಿಬಿಡುತ್ತವೆ. ರಕ್ತಪರೀಕ್ಷೆಯಲ್ಲಿ ಕಿಣ್ವ ವಿಪರೀತ ಹೆಚ್ಚು, ಕೋಶದೊಳಗೆ ಅದೇ ಕಿಣ್ವದ ಬರ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಎಂದಿಗೂ ಮರೆಯಲಾರೆ. ಹರ್ಲರ್ ಮತ್ತು ಹಂಟರ್ ಎಂಬ ಎರಡು ಬೇರೆ ಬೇರೆ ಲೈಸೋಸೋಮ್ ಕಾಯಿಲೆಗಳಿರುವ ರೋಗಿಗಳ ಚರ್ಮದ ಕೋಶಗಳನ್ನು ಅವರು ಒಂದೇ ಬಟ್ಟಲಿನಲ್ಲಿ ಬೆಳೆಸಿದರು. ಬೇರೆ ಬೇರೆಯಾಗಿ ಬೆಳೆದಾಗ ಕಸ ತುಂಬಿಕೊಂಡು ಒದ್ದಾಡುತ್ತಿದ್ದ ಎರಡೂ ಬಗೆಯ ಕೋಶಗಳು ಒಟ್ಟಿಗೆ ಬೆಳೆದಾಗ ಸುಧಾರಿಸಿದವು. ಒಂದಕ್ಕೆ ಇಲ್ಲದ ಕಿಣ್ವವನ್ನು ಇನ್ನೊಂದು ಹೊರಬಿಡುತ್ತಿತ್ತು, ಅದನ್ನು ಇದು ಹೀರಿಕೊಂಡು ತನ್ನ ಲೈಸೋಸೋಮಿಗೆ ತಲುಪಿಸಿಕೊಳ್ಳುತ್ತಿತ್ತು. ಹೊರಗಿನಿಂದ ಕೊಟ್ಟ ಕಿಣ್ವವೂ ಲೈಸೋಸೋಮ್ ಸೇರಬಲ್ಲದು ಎಂಬ ಭರವಸೆ ಇಂಥ ಪ್ರಯೋಗಗಳಿಂದ ಬಲಗೊಂಡಿತು. 1991ರಲ್ಲಿ ಗೋಶೆ ಕಾಯಿಲೆಗೆ ಕಿಣ್ವವನ್ನೇ ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಗುಲ್ಮ ಊದಿಕೊಂಡು ಹೊಟ್ಟೆ ಮುಂದೆ ಬಂದಿದ್ದ ಮಗು ಈ ಚಿಕಿತ್ಸೆಯಿಂದ ಮತ್ತೆ ಓಡಾಡುವುದನ್ನು ನಾನು ನೋಡಿದ್ದೇನೆ. ಚಿಕಿತ್ಸೆ ಬಹಳ ದುಬಾರಿ, ಬದುಕಿರುವವರೆಗೂ ಬೇಕು. ನಮ್ಮ ದೇಶದಲ್ಲಿ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಇಂಥ ಕುಟುಂಬಗಳಿಗೆ ನೆರವಿಗೆ ಅವಕಾಶವಿದೆ, ತಿಳಿಯದವರು ಇನ್ನೂ ಇದ್ದಾರೆ ಎಂಬ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕ್ಷಯರೋಗದ ಬ್ಯಾಕ್ಟೀರಿಯಕ್ಕೂ ಲೈಸೋಸೋಮಿನ ಬಲ ಗೊತ್ತಿರುವಂತಿದೆ. ಭಕ್ಷಕ ಕೋಶ ತನ್ನನ್ನು ನುಂಗಿದ ಮೇಲೆ, ಆ ಚೀಲ ಲೈಸೋಸೋಮಿನೊಡನೆ ಕೂಡದಂತೆ ಅದು ತಡೆದು ಒಳಗೇ ಬದುಕಿ ಉಳಿಯುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯ ಹೆಚ್ಚು. ಭಕ್ಷಕ ಕೋಶಗಳೇ ಹಾನಿಗೊಂಡಿರುವಾಗ ಅದು ಸಹಜ.

ಕೋಶಜೀವಶಾಸ್ತ್ರ ಸಂಶೋಧಕ:

ತಿದ್ದುಪಡಿ ಒಪ್ಪಿದೆ ಡಾಕ್ಟರೇ. "ಹೆಚ್ಚಿನ ಕಿಣ್ವಗಳಿಗೆ" ಎಂದು ಓದಿಕೊಳ್ಳಬೇಕಾಗಿ ಎಲ್ಲರಲ್ಲೂ ವಿನಂತಿ.

ಪ್ರೌಢಶಾಲಾ ಶಿಕ್ಷಕಿ:

ಸೋಮವಾರದ ತರಗತಿ ಮುಗಿಸಿ ಬರೆಯುತ್ತಿದ್ದೇನೆ. ಬೀಟ್‌ರೂಟಿನ ಪ್ರಯೋಗವನ್ನು ಮಕ್ಕಳೇ ಮಾಡಿದರು. ತಣ್ಣೀರು ಬಹುತೇಕ ತಿಳಿಯಾಗಿಯೇ ಉಳಿಯಿತು, ಬಿಸಿನೀರೂ ಸ್ಪಿರಿಟ್ಟೂ ಕೆಂಪಾದವು. ಬಣ್ಣ ಹೊರಬರಲು ಎಷ್ಟು ಪೊರೆ ದಾಟಬೇಕು ಎಂದು ಕೇಳಿದೆ. ಮೊದಲು "ಒಂದು" ಎಂದರು, ಚಿತ್ರ ಬರೆಯಲು ಹೇಳಿದ ಮೇಲೆ ರಸದಾನಿಯ ಪೊರೆ, ಆಮೇಲೆ ಕೋಶಪೊರೆ ಎಂದು ಎರಡನ್ನೂ ಗುರುತಿಸಿದರು. ಕೋಶಭಿತ್ತಿ ಬಣ್ಣವನ್ನು ತಡೆಯುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದಾಗ, ಭಿತ್ತಿಯಲ್ಲಿ ನೀರು ಮತ್ತು ಸಣ್ಣ ಅಣುಗಳು ನುಸುಳುವಷ್ಟು ಜಾಗವಿದೆ, ಆಯ್ದು ಒಳಬಿಡುವ ಕೆಲಸ ಪೊರೆಯದ್ದು ಎಂದು ವಿವರಿಸಿದೆ. ಪೊರೆಗೂ ಭಿತ್ತಿಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ನಾನು ಹಿಂದೆ ಕಲಿಸಿರಲಿಲ್ಲ.

ಆಮೇಲೆ ಲೈಸೋಸೋಮಿನ ಉತ್ತರ ಹೇಳಿದೆ. ಪ್ರಶ್ನೆ ಕೇಳಿದ ಹುಡುಗಿಯೇ ಹಲಗೆಗೆ ಬಂದು, ಕೋಶಕೇಂದ್ರದಿಂದ ಲೈಸೋಸೋಮಿನವರೆಗೆ ಕಿಣ್ವದ ದಾರಿಯನ್ನು ಬಾಣದ ಗುರುತುಗಳಿಂದ ಬರೆದಳು, ಮೈಟೊಕಾಂಡ್ರಿಯದಿಂದ ಪಂಪಿಗೆ ಇನ್ನೊಂದು ಬಾಣ ಎಳೆದಳು. ಅದು ನಾನು ಹೇಳಿಕೊಟ್ಟದ್ದಲ್ಲ. ಕೂರುವ ಮುನ್ನ ಅವಳು ಇನ್ನೊಂದು ಪ್ರಶ್ನೆ ಇಟ್ಟಳು: "ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೂ ಇಲ್ಲ, ಲೈಸೋಸೋಮೂ ಇಲ್ಲ ಅಂತೀರಿ. ಹಾಗಾದರೆ ಅದರೊಳಗೆ ಹಾಳಾದದ್ದನ್ನು ತೆಗೆಯುವವರು ಯಾರು ಮಿಸ್?"

ಮಕ್ಕಳ ವೈದ್ಯೆ:

ಅವಳಿಗೆ ಹೀಗೆ ಹೇಳಿ ಮೇಡಂ. ಕೆಂಪು ರಕ್ತಕಣ ಮೂಳೆಮಜ್ಜೆಯಲ್ಲಿ ಬಲಿಯುವಾಗ ಹಿಮೊಗ್ಲೋಬಿನ್‌ಗೆ ಜಾಗ ಬಿಟ್ಟುಕೊಟ್ಟು ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ, ಮೈಟೊಕಾಂಡ್ರಿಯ ಮತ್ತು ರೈಬೋಸೋಮುಗಳನ್ನೂ ಕಳೆದುಕೊಳ್ಳುತ್ತದೆ. ಆಮೇಲೆ ಹೊಸ ಪ್ರೋಟೀನು ಕಟ್ಟಲಾಗಲೀ ಹಳೆಯದನ್ನು ಲೈಸೋಸೋಮಿನಲ್ಲಿ ಒಡೆಯಲಾಗಲೀ ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದಲೇ ಅದರ ಆಯುಸ್ಸು ಸುಮಾರು 120 ದಿನ. ಹಳತಾದಂತೆ ಅದರ ಪೊರೆ ಬಿಗಿಯಾಗಿ, ಗುಲ್ಮದ ಕಿರಿದಾದ ಸಂದುಗಳಲ್ಲಿ ಬಾಗಿ ನುಸುಳಲಾರದೆ ನಿಧಾನವಾಗುತ್ತದೆ. ಅಲ್ಲಿ ಮತ್ತು ಯಕೃತ್ತಿನಲ್ಲಿ ಕಾದಿರುವ ಭಕ್ಷಕ ಕೋಶಗಳು ಇಡೀ ರಕ್ತಕಣವನ್ನೇ ನುಂಗುತ್ತವೆ, ಅವುಗಳ ಲೈಸೋಸೋಮುಗಳು ಅದನ್ನು ಒಡೆಯುತ್ತವೆ, ಹಿಮೊಗ್ಲೋಬಿನ್‌ನಲ್ಲಿದ್ದ ಕಬ್ಬಿಣ ಹೊಸ ರಕ್ತಕಣಗಳ ತಯಾರಿಗೆ ಮತ್ತೆ ಮೂಳೆಮಜ್ಜೆಗೆ ಹೋಗುತ್ತದೆ. ಗೋಶೆ ಕಾಯಿಲೆಯ ಮಕ್ಕಳ ಗುಲ್ಮ ಊದಿಕೊಳ್ಳುವುದೂ ಈ ಜಾಗದಲ್ಲೇ. ನುಂಗಿದ ರಕ್ತಕಣಗಳ ಪೊರೆಯ ಕೊಬ್ಬನ್ನು ಒಡೆಯುವ ಕಿಣ್ವ ಅವರಿಗೆ ಸಾಲದು, ಅದು ಭಕ್ಷಕ ಕೋಶಗಳ ಲೈಸೋಸೋಮುಗಳಲ್ಲಿ ತುಂಬುತ್ತಾ ಹೋಗುತ್ತದೆ.